∧ ಇದ್ದ ಜಾಗದಲ್ಲಿ ಢ-ಒತ್ತು ಬಂದದ್ದು ಹೇಗೆ?

ಪ್ರಶ್ನೆ: ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಪ್ರಶ್ನೆಪತ್ರಿಕೆಯನ್ನು ವರ್ಡ್‌ನಲ್ಲಿ ಹಳೆಯ ನುಡಿ ಫಾಂಟ್ ಬಳಸಿ ಟೈಪ್ ಮಾಡಿ, ತರ್ಕದ ಚಿಹ್ನೆಗಳನ್ನು ಮಾತ್ರ ಸಿಂಬಲ್ ಫಾಂಟ್‌ನಲ್ಲಿ ಹಾಕಿದ್ದೆ. ಮುದ್ರಣದಿಂದ ಬಂದ ಕರಡಿನಲ್ಲಿ ∧ (‘ಮತ್ತು’) ಇದ್ದಲ್ಲಿ ಢ-ಒತ್ತು, ∨ (‘ಅಥವಾ’) ಇದ್ದಲ್ಲಿ ಣ-ಒತ್ತು. ಇಂಗ್ಲಿಷಿನ ದೊಡ್ಡ ಕ್ಯೂ ಅಕ್ಷರ ‘ಕಿ’ ಆಗಿದೆ! ಎಲ್ಲಿ ಎಡವಟ್ಟಾಯಿತು?
– ಉಪನ್ಯಾಸಕಿ, ಹಾವೇರಿ

ಉತ್ತರ: ನೀವು ತಪ್ಪು ಕೀಲಿ ಒತ್ತಿಲ್ಲ. ಮುದ್ರಣಾಲಯದಲ್ಲಿ ಯಾರೋ ಕಂಟ್ರೋಲ್ + ಎ ಒತ್ತಿ ಇಡೀ ಕಡತವನ್ನು ಒಂದೇ ನುಡಿ ಫಾಂಟ್‌ಗೆ ಬದಲಿಸಿರಬೇಕು.

ಹಳೆಯ ನುಡಿ ಫಾಂಟ್‌ಗಳಲ್ಲಿ ಕನ್ನಡಕ್ಕೆ ತನ್ನದೇ ಸಂಕೇತವಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಸಿಂಬಲ್ ಫಾಂಟ್ ಮಾಡಿದ್ದೂ ಅದನ್ನೇ. ಅದರಲ್ಲಿ 217ನೇ ಮನೆ ∧, 218ನೇ ಮನೆ ∨. ನುಡಿಯಲ್ಲಿ ಅದೇ 217 ಢ-ಒತ್ತು, 218 ಣ-ಒತ್ತು. ಕಡತದಲ್ಲಿ ಉಳಿದಿದ್ದದ್ದು ಅಂಕಿ ಮಾತ್ರ. ಫಾಂಟ್ ಬದಲಾದ ಕೂಡಲೇ ಅಂಕಿಯ ವೇಷವೂ ಬದಲಾಯಿತು. ಕ್ಯೂ ‘ಕಿ’ ಆದದ್ದೂ ಹೀಗೆಯೇ.

ಆದ್ದರಿಂದ ಸಿಂಬಲ್ ಫಾಂಟ್ ಬಿಟ್ಟುಬಿಡಿ. ಯುನಿಕೋಡ್‌ನಲ್ಲಿ ಪ್ರತಿ ಚಿಹ್ನೆಗೂ ಬೇರೆಯದೇ ಸಂಖ್ಯೆಯಿದೆ. ವರ್ಡ್‌ನಲ್ಲಿ 2227 ಎಂದು ಟೈಪ್ ಮಾಡಿ, ಕರ್ಸರ್ ಅಲ್ಲೇ ಇರುವಾಗ ಆಲ್ಟ್ + ಎಕ್ಸ್ ಒತ್ತಿ: ∧ ಬರುತ್ತದೆ. 2228 ಎಂದರೆ ∨, 2192 →, 2194 ↔, 2200 ∀, 2203 ∃, 2234 ∴. ನಿಮ್ಮ ಪಠ್ಯದಲ್ಲಿ ಕುದುರೆಲಾಳದಂಥ ⊃ ಬಳಸುತ್ತಿದ್ದರೆ 2283, ಮೂರು ಗೆರೆಯ ≡ ಬೇಕಿದ್ದರೆ 2261. ಲಿಬ್ರೆ ಆಫೀಸ್ ರೈಟರ್‌ನಲ್ಲೂ ಇದೇ ಕೀಲಿ ನಡೆಯುತ್ತದೆ. ಇಷ್ಟು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಂಡರೆ ಒಂದೇ ವಾರದಲ್ಲಿ ಕೈಗೆ ಕೂರುತ್ತವೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಸಂಖ್ಯೆಗೆ ತಾಗಿದಂತೆ ಹಿಂದೆ ಇನ್ನೊಂದು ಅಂಕಿಯೋ ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರವೋ ಇದ್ದರೆ ವರ್ಡ್ ಅದನ್ನೂ ಸೇರಿಸಿ ಓದುತ್ತದೆ. 5ರ ಪಕ್ಕದಲ್ಲೇ ≤ ಬೇಕೆಂದು 2264 ಹೊಡೆದರೆ ಅದಕ್ಕೆ ಕಾಣುವುದು 52264. ಆಗ 2264 ಅಷ್ಟನ್ನೇ ಆಯ್ದುಕೊಂಡು ಆಲ್ಟ್ + ಎಕ್ಸ್ ಒತ್ತಿ. ಇನ್ನೊಂದು, ನುಡಿಯ ಕನ್ನಡ ಕೀಲಿಮಣೆ ಚಾಲೂ ಇರುವುದು. ಸ್ಕ್ರಾಲ್ ಲಾಕ್ ಒತ್ತಿ ಇಂಗ್ಲಿಷ್‌ಗೆ ಬಂದು ಸಂಖ್ಯೆ ಹೊಡೆಯಿರಿ.

ಇಷ್ಟಾದರೂ ¬, ×, ± ಈ ಮೂರರ ಬಗ್ಗೆ ಜೋಪಾನ. ಇವುಗಳ ಯುನಿಕೋಡ್ ಸಂಖ್ಯೆ 255ರ ಒಳಗೇ ಇದೆ, ಅಂದರೆ ನುಡಿ ಆಕ್ರಮಿಸಿಕೊಂಡ ಮನೆಗಳಲ್ಲೇ. ನುಡಿ ಫಾಂಟ್ ತಾಗಿದರೆ × ಎಂಬುದು ಠ-ಒತ್ತು ಆಗುತ್ತದೆ, ± ಎಂಬುದು ತಲೆಕಟ್ಟಿಲ್ಲದ ‘ಶ’. ∀, ∃ ಮುಂತಾದವಕ್ಕೆ ಈ ಭಯವಿಲ್ಲ. ನುಡಿ ಫಾಂಟ್‌ನಲ್ಲಿ ಅವು ಇಲ್ಲವೇ ಇಲ್ಲವಾದ್ದರಿಂದ ವರ್ಡ್ ಬೇರೆ ಫಾಂಟ್‌ನಿಂದ ತಂದು ತೋರಿಸುತ್ತದೆ.

ಹಾಗಾಗಿ ಇಡೀ ಸೂತ್ರವನ್ನು ಸಮೀಕರಣದ ಪೆಟ್ಟಿಗೆಯಲ್ಲೇ ಬರೆಯುವುದು ನಮ್ಮ ಸಲಹೆ. ಆಲ್ಟ್ ಹಿಡಿದು = ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ. ಅದರೊಳಗೆ \ ಹೊಡೆದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ನೆಗ್’ (ಎನ್-ಇ-ಜಿ) ಬರೆದು ಸ್ಪೇಸ್ ಕೊಡಿ, ¬ ಮೂಡುತ್ತದೆ. ‘ವೆಜ್’ (ಡಬ್ಲ್ಯೂ-ಇ-ಡಿ-ಜಿ-ಇ) ಎಂದರೆ ∧, ‘ವೀ’ (ವಿ-ಇ-ಇ) ಎಂದರೆ ∨. ಪೆಟ್ಟಿಗೆಯೊಳಗಿನ ಗಣಿತಕ್ಕೆ ಕೇಂಬ್ರಿಯಾ ಮ್ಯಾಥ್‌ನಂಥ ಗಣಿತದ ಫಾಂಟ್ ಮಾತ್ರ ಹತ್ತುತ್ತದೆ. ಯಾರು ಕಂಟ್ರೋಲ್ + ಎ ಒತ್ತಿ ನುಡಿ ಆರಿಸಿದರೂ ಅದು ಜಗ್ಗುವುದಿಲ್ಲ, ಕ್ಯೂ ಕೂಡ ಕ್ಯೂ ಆಗಿಯೇ ಉಳಿಯುತ್ತದೆ. ಕನ್ನಡ ಪದಗಳನ್ನು ಮಾತ್ರ ಪೆಟ್ಟಿಗೆಯ ಹೊರಗೇ ಇಡಿ.

ಹಳೆಯ ಪತ್ರಿಕೆಗಳಲ್ಲಿರುವ ಚಿಹ್ನೆ ಅಸಲಿಯೋ ಅಲ್ಲವೋ ಎಂದು ನೋಡಲು ಅದೇ ಆಲ್ಟ್ + ಎಕ್ಸ್ ಸಾಕು. ಚಿಹ್ನೆಯ ಬಲಕ್ಕೆ ಕರ್ಸರ್ ಇಟ್ಟು ಒತ್ತಿದಾಗ 2227 ಕಂಡರೆ ಅದು ನಿಜವಾದ ∧. ಬೇರೇನು ಕಂಡರೂ ಅಳಿಸಿ ಹೊಸದಾಗಿ ಹಾಕಿ. ನುಡಿಯಿಂದ ಯುನಿಕೋಡ್‌ಗೆ ಪರಿವರ್ತಿಸುವ ಮುಂಚೆಯೇ ಈ ಕೆಲಸ ಮುಗಿಸಿ. ಇಲ್ಲವಾದರೆ ಪರಿವರ್ತಕ ಆ 217ನ್ನು ನಿಜವಾಗಿಯೂ ಢ-ಒತ್ತು ಎಂದೇ ತಿಳಿದು ಹಿಂದಿನ ಅಕ್ಷರಕ್ಕೆ ಅಂಟಿಸಿಬಿಡಬಹುದು, ಆಮೇಲೆ ಹುಡುಕಿ ತಿದ್ದುವುದು ಕಷ್ಟ.

ಮುದ್ರಣಕ್ಕೆ ವರ್ಡ್ ಕಡತದ ಬದಲು ಪಿಡಿಎಫ್ ಕೊಡಿ. ಫಾಂಟ್‌ಗಳು ಅದರೊಳಗೇ ಸೇರಿರುತ್ತವೆ, ಅಲ್ಲಿ ಯಾರೂ ಬದಲಿಸಬೇಕಾಗುವುದಿಲ್ಲ.