ಒಣಗಣ್ಣಿಗೆ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಹಾಕಿ ಮೂರು ವಾರವಾಯಿತು, ಉರಿ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ನಿಲ್ಲಿಸಿಬಿಡಲೇ?

ಈಗಲೇ ನಿಲ್ಲಿಸಬೇಡಿ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ನಾನು ಯಾರನ್ನೂ ಕೇಳದೆ ನಿಲ್ಲಿಸಿದವಳು. ಹಾಕಿದರೆ ಉರಿ, ಹಾಕದಿದ್ದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಇಪ್ಪತ್ತು ದಿನ ನೋಡಿ ಕೈಬಿಟ್ಟೆ. ನಾಲ್ಕು ತಿಂಗಳಾದ ಮೇಲೆ ಅದೇ ಡ್ರಾಪ್ಸ್ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಇದನ್ನು ಕೃತಕ ಕಣ್ಣೀರಿನ ಹಾಗೆ ಅಂದುಕೊಂಡದ್ದೇ ನನ್ನ ತಪ್ಪು. ಕೃತಕ ಕಣ್ಣೀರು ಹಾಕಿದ ಕೂಡಲೇ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಸೈಕ್ಲೋಸ್ಪೋರಿನ್ ಕಥೆಯೇ ಬೇರೆ. ಕಸಿ ಮಾಡಿದ ಕಿಡ್ನಿಯ ಮೇಲೆ ದೇಹ ತಿರುಗಿಬೀಳದಿರಲಿ ಎಂದು ಕೊಡುವ ಔಷಧಿ ಅದು. ಕಣ್ಣಲ್ಲೂ ಅದೇ ಕೆಲಸ: ರೋಗನಿರೋಧಕ ಟಿ ಕೋಶಗಳ ಆರ್ಭಟ ತಗ್ಗಿಸುವುದು. ಕಣ್ಣೀರು ಕಡಿಮೆಯಾದರೆ ಉರಿಯೂತ, ಉರಿಯೂತ ಹೆಚ್ಚಿದರೆ ಕಣ್ಣೀರು ಇನ್ನೂ ಕಡಿಮೆ. ಈ ಸುತ್ತು ಕಳಚಲು 3ರಿಂದ 6 ತಿಂಗಳು ಬೇಕಾಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ 0.05% ಡ್ರಾಪ್ಸ್‌ಗೆ ಒಪ್ಪಿಗೆ ಕೊಟ್ಟಿದೆ, ಅಂದರೆ ತೀರಾ ಹೊಸದೇನಲ್ಲ. 2016ರಲ್ಲಿ ಒಪ್ಪಿಗೆ ಸಿಕ್ಕ ಲಿಫಿಟೆಗ್ರಾಸ್ಟ್ ಎಂಬ ಇನ್ನೊಂದು ಔಷಧಿಯೂ ಇದೆ. ಅದು ಕೆಲವರಿಗೆ ಬೇಗ ಹಿಡಿಯುತ್ತದೆ, ಆದರೆ ಬಾಯಿರುಚಿ ಕೆಡಿಸುತ್ತದೆ. ಕಣ್ಣಿಗೆ ಹಾಕಿದ್ದು ಬಾಯಿಗೆ ಹೇಗೆ ಬಂತು ಅಂತೀರಾ? ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳ ಇದೆ. ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ಆ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿಕೊಂಡರೆ ಔಷಧಿ ಕೆಳಗೆ ಇಳಿಯುವುದು ಕಡಿಮೆಯಾಗುತ್ತದೆ.

ಉರಿಗೆ ನನಗೆ ಒಗ್ಗಿದ ಉಪಾಯ: ಮೊದಲು ಕೃತಕ ಕಣ್ಣೀರು, ಹದಿನೈದು ನಿಮಿಷ ಬಿಟ್ಟು ಔಷಧಿ. ಒಂದೇ ಹನಿ ಸಾಕು, ಎರಡನೆಯದು ಹೇಗೂ ಕೆನ್ನೆಗೇ ಹೋಗುತ್ತದೆ. ಕೃತಕ ಕಣ್ಣೀರನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನುವ ಪ್ರಿಸರ್ವೇಟಿವ್ ಪದೇಪದೇ ಬಿದ್ದರೆ ಒಣಗಣ್ಣು ಇನ್ನೂ ಕೆಡುತ್ತದೆ. ಕಣ್ಣಿನ ಕೆಂಪು ಹೋಗಿಸುವ ಡ್ರಾಪ್ಸ್ ಅಂತೂ ಬೇಡವೇ ಬೇಡ. ಬಿಟ್ಟ ಮೇಲೆ ಕೆಂಪು ದುಪ್ಪಟ್ಟಾಗಿ ಬರುತ್ತದೆ.

ಎರಡನೇ ಸಲ ಶುರುಮಾಡಿದಾಗ ಡಾಕ್ಟರ್ ಮೊದಲ ಎರಡು ವಾರ ಜೊತೆಗೆ ಸೌಮ್ಯವಾದ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟರು. ಉರಿ ತಡೆಯುವಂತಾಯಿತು. ಆದರೆ ಇದನ್ನು ನೀವೇ ತಂದು ಹಾಕಿಕೊಳ್ಳಬೇಡಿ. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ತುಂಬಾ ದಿನ ಹಾಕಿದರೆ ಪೊರೆಯೂ ಬರಬಹುದು.

ಡಾಕ್ಟರ್ ಹತ್ತಿರ ಇನ್ನೊಂದು ಮಾತು ಕೇಳಿ: ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಕಟ್ಟಿಕೊಂಡಿವೆಯಾ? ಕಣ್ಣೀರು ಬೇಗ ಆವಿಯಾಗದಂತೆ ಕಾಯುವುದು ಆ ಎಣ್ಣೆಯೇ. ಅದು ಕಟ್ಟಿದ್ದರೆ ಬರೀ ಡ್ರಾಪ್ಸ್ ಸಾಲುವುದಿಲ್ಲ, ಬಿಸಿ ಬಟ್ಟೆಯ ಶಾಖವೂ ಬೇಕು. ಇನ್ನು ಜೋರು ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಇದ್ದರೆ ಉರಿ ಅಂತ ಸುಮ್ನೆ ಕೂರಬೇಡಿ, ಅದೇ ದಿನ ತೋರಿಸಿ.

ನನಗೆ ಗುಣವಾಗುತ್ತಿದೆ ಎಂದು ತಿಳಿದದ್ದು ಕಣ್ಣಿನಿಂದಲ್ಲ. ಹನ್ನೊಂದನೇ ವಾರದ ಹೊತ್ತಿಗೆ ಕೃತಕ ಕಣ್ಣೀರಿನ ಬಾಟಲಿ ಯಾಕೋ ಖಾಲಿಯೇ ಆಗುತ್ತಿಲ್ಲವಲ್ಲ ಅನಿಸಿತು. ಲೆಕ್ಕ ಹಾಕಿದರೆ, ದಿನಕ್ಕೆ ಎಂಟು ಸಲ ಹಾಕುತ್ತಿದ್ದವಳು ಎರಡಕ್ಕೆ ಇಳಿದಿದ್ದೆ.