ಹತ್ತನೇ ಕ್ಲಾಸಿಗೆ ಕುಮಾರವ್ಯಾಸ ಯಾಕೆ ಬೇಕು?

ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಎಸ್ಸೆಸ್ಸೆಲ್ಸಿ. 'ಕೌರವೇಂದ್ರನ ಕೊಂದೆ ನೀನು' ಪದ್ಯದ ಸಾರಾಂಶ, ಕವಿ ಪರಿಚಯ ಎಲ್ಲವನ್ನೂ ಗೈಡ್ ಇಟ್ಟುಕೊಂಡು ಉರು ಹೊಡೆಯುತ್ತಾಳೆ. ಟೆಸ್ಟ್ ಮುಗಿದ ಮೇಲೆ ಏನೂ ನೆನಪಿರಲ್ಲ. ಈ ಹಳೇ ಕಾವ್ಯದ ಬದಲು ತಪ್ಪಿಲ್ಲದೆ ಅರ್ಜಿ ಬರೆಯೋದು, ಪೇಪರ್ ಓದೋದು ಕಲಿಸಿದರೆ ಸಾಲದೇ?"

ಸಂಪಾದಕರ ಉತ್ತರ: ನಿಮ್ಮ ದೂರು ಸರಿ, ಅಮ್ಮಾ. ನೀವು ಹೇಳುವ ಪರಿಹಾರ ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮಗಳು ಉರು ಹೊಡೆದದ್ದು ಪದ್ಯದ ಬಗ್ಗೆ ಇನ್ಯಾರೋ ಬರೆದಿಟ್ಟ ಉತ್ತರವನ್ನು. ಅದು ಮರೆತುಹೋದರೆ ಆಶ್ಚರ್ಯವೇನಿದೆ? ಪದ್ಯ ಅವಳಿಗೆ ಇನ್ನೂ ಸಿಕ್ಕೇ ಇಲ್ಲ.

ಕುಮಾರವ್ಯಾಸನ ಆ ಪದ್ಯವನ್ನೇ ನೋಡಿ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನೀನು ಕುಂತಿಯ ಮಗ ಅನ್ನುತ್ತಾನೆ. ಹಸ್ತಿನಾಪುರ ನಿನಗೇ, ಪಾಂಡವರೂ ಕೌರವರೂ ನಿನ್ನ ಸೇವೆಗೆ ನಿಲ್ಲುತ್ತಾರೆ ಎಂದು ಆಸೆ ತೋರಿಸುತ್ತಾನೆ. ಕರ್ಣನ ಕೊರಳ ನರ ಉಬ್ಬುತ್ತದೆ, ಕಣ್ಣಲ್ಲಿ ನೀರು ನುಗ್ಗುತ್ತದೆ. ಆಗ ಅವನ ಮನಸ್ಸಿಗೆ ಮೊದಲು ಬರುವುದು ಹೆತ್ತ ತಾಯಿಯೂ ಅಲ್ಲ, ಸಿಂಹಾಸನವೂ ಅಲ್ಲ. ಅಯ್ಯೋ, ಕುರುಪತಿಗೆ (ದುರ್ಯೋಧನನಿಗೆ) ಕೇಡಾಯಿತಲ್ಲ ಅಂದುಕೊಳ್ಳುತ್ತಾನೆ!

ಗೈಡಿನಲ್ಲಿ ಇದಕ್ಕೆ 'ಕರ್ಣನ ಸ್ವಾಮಿನಿಷ್ಠೆ' ಅಂತ ಉತ್ತರ ಇರುತ್ತದೆ. ಅಷ್ಟು ಬರೆದರೆ ಅಂಕವೂ ಬರುತ್ತದೆ. ಆದರೆ ಬರೀ ನಿಷ್ಠೆ ಆದರೆ ಅಳು ಯಾಕೆ? ದುರ್ಯೋಧನನ ತಪ್ಪು ಗೊತ್ತಿದ್ದೂ ಅವನ ಜೊತೆ ನಿಲ್ಲೋದು ಸರೀನಾ? ಇಷ್ಟು ದಿನ ಸುಮ್ಮನಿದ್ದ ಕೃಷ್ಣ ಯುದ್ಧದ ಹೊತ್ತಿಗೆ ಈ ಗುಟ್ಟು ಹೇಳಿದ್ದು ನ್ಯಾಯವಾ? ಕೊನೆಗೆ ಕರ್ಣ 'ನಿನ್ನಯ ವೀರರೈವರ ನೋಯಿಸೆನು', ಅಂದರೆ ಪಾಂಡವರನ್ನು ನೋಯಿಸಲ್ಲ, ಅಂತ ಆಣೆ ಮಾಡುತ್ತಾನೆ. ಹಾಗಾದರೆ ಅವನು ಯಾರ ಕಡೆ? ಇವನ್ನು ಕ್ಲಾಸಿನಲ್ಲಿ ಕೇಳಿ ನೋಡಲಿ, ಹಿಂದಿನ ಬೆಂಚಿನ ಹುಡುಗರೂ ಬಾಯಿ ಬಿಡುತ್ತಾರೆ. ಗೆಳೆಯನೋ ಮನೆಯವರೋ ಅನ್ನುವ ಇಕ್ಕಟ್ಟು ಆ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು. ಅದನ್ನು ಬೇರೊಬ್ಬರ ಬಾಳಿನಲ್ಲಿಟ್ಟು ನೋಡೋಕೆ, ಜಗಳವಿಲ್ಲದೆ ವಾದ ಮಾಡೋಕೆ ಶಾಲೆಯಲ್ಲಿ ಇನ್ನೆಲ್ಲಿ ಜಾಗ ಇದೆ ಹೇಳಿ? ಯಾವ ಅರ್ಜಿ ನಮೂನೆಯೂ ಅದನ್ನು ಕಲಿಸಲ್ಲ.

ಇನ್ನೊಂದು ಮಾತು. ಕುಮಾರವ್ಯಾಸ 15ನೇ ಶತಮಾನದವನು. ಅವನ ಕಾವ್ಯವನ್ನು ಓದು ಬಾರದ ಜನ ಕೂಡ ಜಗಲಿಯಲ್ಲಿ ಕೂತು ಕೇಳಿದ್ದಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಇವತ್ತಿಗೂ ಜೀವಂತವಾಗಿದೆ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಮಕ್ಕಳು ಮಾತ್ರ ಕುಮಾರವ್ಯಾಸನ ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ (ಲಘು-ಗುರು ಗುರುತಿಸಿ), ಮೂರು-ನಾಲ್ಕು ಮಾತ್ರೆಯ ಗಣ ವಿಂಗಡಿಸಿ, ಒಮ್ಮೆಯೂ ಅದನ್ನು ಕಿವಿಯಾರೆ ಕೇಳದೆ ಪಾಸಾಗುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಮೊದಲು ಕೇಳಲಿ. ಆ ಮೂರು-ನಾಲ್ಕರ ಓಟ ಕಿವಿಗೆ ಬಿದ್ದ ಮೇಲೆ ಪ್ರಸ್ತಾರ ತಾನಾಗೇ ಸುಲಭವಾಗುತ್ತದೆ.

ಇದಕ್ಕೆಲ್ಲ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಪೋರ್ಷನ್ ಮುಗಿಸಬೇಕು, ರಿಸಲ್ಟ್ ತೋರಿಸಬೇಕು, ನಡುವೆ ಇಲಾಖೆಯ ಮಾಹಿತಿ ತುಂಬಬೇಕು. ಆದರೂ ಪ್ರತಿ ಪದ್ಯಕ್ಕೆ ಒಂದು ಪೀರಿಯಡ್ ನೋಟ್ಸ್ ಇಲ್ಲದೆ, ಬರೀ ಓದೋಕೆ ಮತ್ತು ಮಾತಾಡೋಕೆ ಬಿಡಬಹುದು ಅನ್ನೋದು ನನ್ನ ನಂಬಿಕೆ. ಆಂತರಿಕ ಅಂಕಗಳನ್ನು ಇಂಥ ಮಾತುಕತೆಗೇ ಕೊಡಬಹುದಲ್ವಾ? ಅರ್ಜಿ ಬರೆಯೋದೂ ಬೇಕು, ಬೇಡ ಅಂದವರಾರು? ಪತ್ರಲೇಖನದ ಪ್ರಶ್ನೆ ಹೇಗೂ ಇದ್ದೇ ಇದೆ. ಅದಕ್ಕೆ ಕಾವ್ಯ ಜಾಗ ಬಿಟ್ಟುಕೊಡಬೇಕಿಲ್ಲ.

ನೀವೂ ಒಂದು ಕೆಲಸ ಮಾಡಿ. ಈ ಪದ್ಯದ ಗಮಕ ವಾಚನ ಫೋನಿನಲ್ಲಿ ಸಿಗುತ್ತದೆ. ರಾತ್ರಿ ಊಟ ಆದ ಮೇಲೆ ಮಗಳ ಜೊತೆ ಕೂತು ಕೇಳಿ. ಆಮೇಲೆ ಗೈಡ್ ಮುಚ್ಚಿಟ್ಟು, ಕರ್ಣನ ಜಾಗದಲ್ಲಿ ನೀನಿದ್ದರೆ ಏನು ಮಾಡ್ತಿದ್ದೆ ಅಂತ ಕೇಳಿ. ಅವಳು ಏನಂದಳು ಅಂತ ನಮಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಸಂತೋಷ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.