ಭೌತಶಾಸ್ತ್ರ ಓದಿ ಗಣಕವಿಜ್ಞಾನಕ್ಕೆ ಬಂದವರು ಸಂಶೋಧನೆಗೆ ಯಾವ ಕ್ಷೇತ್ರ ಆರಿಸಿಕೊಳ್ಳಬೇಕು?

ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ), ಡೇಟಾಬೇಸ್, ಯಂತ್ರಕಲಿಕೆ ಮೂರೂ ಇಷ್ಟ, ಹಳೆಯ ಓದು ಅಡ್ಡಿಯಾಗದ ಕ್ಷೇತ್ರ ಯಾವುದು ಎಂದು ಕೇಳಿದ್ದೀರಿ. ಸ್ನಾತಕೋತ್ತರ ಪದವಿಗೆ ಸೇರಿದಾಗ ನಾನೂ ಇದೇ ಪ್ರಶ್ನೆ ಹೊತ್ತು ತಿರುಗುತ್ತಿದ್ದೆ. ಸಹಪಾಠಿಗಳೆಲ್ಲ ಪ್ರೋಗ್ರಾಂ ಬರೆದು ಪಳಗಿದವರು. ಅವರ ಸಮಕ್ಕೆ ನಿಲ್ಲುವ ಹಟದಲ್ಲಿ ಭೌತಶಾಸ್ತ್ರ ಓದಿದ್ದನ್ನೇ ಮರೆಯಲು ಹೊರಟೆ. ಏಳು ತಿಂಗಳು ಹಾಳಾದದ್ದು ಅದರಿಂದಲೇ.

ಡೇಟಾಬೇಸಿಗೆಂದು ಹೊಸ ಹ್ಯಾಶ್ ಫಂಕ್ಷನ್, ಅಂದರೆ ಕೊಟ್ಟ ಮಾಹಿತಿಯನ್ನು ಒಂದು ಸಂಖ್ಯೆಗೆ ಇಳಿಸುವ ಲೆಕ್ಕ, ರೂಪಿಸುವುದು ನನ್ನ ಕೆಲಸ. ವೇಗ ಅಳೆಯಲು ಒಂದು ಲೂಪ್ ಬರೆದೆ: ಯಾದೃಚ್ಛಿಕ ಸಂಖ್ಯೆಯೊಂದನ್ನು ಹುಟ್ಟಿಸುವುದು, ಅದರ ಹ್ಯಾಶ್ ಲೆಕ್ಕ ಹಾಕುವುದು, ಹೀಗೆ 10 ಕೋಟಿ ಸಲ. ನನ್ನ ಫಂಕ್ಷನ್ ಹಳೆಯದಕ್ಕಿಂತ ನಾಲ್ಕು ಪಟ್ಟು ವೇಗ ಎಂದು ಬಂತು. ಹಿಗ್ಗಿಹೋದೆ. ಅದರ ಮೇಲೆಯೇ ಎರಡು ಅಧ್ಯಾಯ ಕಟ್ಟಿದೆ. ಕರಡು ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: "ಹ್ಯಾಶ್ ಇರುವ ಸಾಲನ್ನು ಅಳಿಸಿ ಲೂಪ್ ಓಡಿಸಿದರೆ ಎಷ್ಟು ಹೊತ್ತಾಗುತ್ತದೆ?" ಓಡಿಸಿದೆ. ಅಷ್ಟೇ ಹೊತ್ತಾಯಿತು.

ಇದನ್ನು ಬಿಡಿಸಿ ಹೇಳಲೇಬೇಕು. ಹ್ಯಾಶ್ ಲೆಕ್ಕ ಹಾಕಿದೆನೇ ಹೊರತು ಬಂದ ಉತ್ತರವನ್ನು ಎಲ್ಲಿಯೂ ಬಳಸಿರಲಿಲ್ಲ. ಬಳಕೆಯಾಗದ ಲೆಕ್ಕ, ಅದರಿಂದ ಬೇರೇನೂ ಬದಲಾಗುವುದಿಲ್ಲ ಎಂದು ಖಚಿತವಾದರೆ ಕಂಪೈಲರ್ ಅದನ್ನು ಕಿತ್ತುಹಾಕಬಹುದು. ಹಳೆಯ ಫಂಕ್ಷನ್ ಮೊದಲೇ ಕಂಪೈಲ್ ಆದ ಲೈಬ್ರರಿಯಲ್ಲಿತ್ತು, ಅದರ ಒಳಗೇನಿದೆ ಎಂದು ಕಂಪೈಲರಿಗೆ ಕಾಣದು, ಹಾಗಾಗಿ ಉಳಿಯಿತು. ನನ್ನದು ಅದೇ ಕಡತದಲ್ಲಿತ್ತು, ಕಂಪೈಲರ್ ಒಳಹೊಕ್ಕು ನೋಡಿ ಅಳಿಸಿತು. ಸಂಖ್ಯೆ ಹುಟ್ಟಿಸುವ ಕೆಲಸ ಮಾತ್ರ ಉಳಿಯಿತು, ನಾನು ಏಳು ತಿಂಗಳು ಅಳೆದದ್ದು ಅದನ್ನೇ. ಉತ್ತರಗಳನ್ನೆಲ್ಲ ಕೂಡಿಸಿ ಕೊನೆಗೆ ಮೊತ್ತ ಮುದ್ರಿಸುವ ಎರಡು ಸಾಲು ಸೇರಿಸಿದೆ. ನನ್ನ ಫಂಕ್ಷನ್ ಹಳೆಯದಕ್ಕಿಂತ ನಿಧಾನ ಎಂದು ಗೊತ್ತಾಯಿತು.

ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜ್ ಕೈಗೆತ್ತಿಕೊಂಡರೆ ತಂತಿ ಇಡುವ ಮೊದಲು ಶೂನ್ಯ ದೋಷ, ಅಂದರೆ ಏನೂ ಇಡದಿದ್ದಾಗಲೂ ಅದು ತೋರಿಸುವ ಅಳತೆ, ನೋಡುತ್ತಿದ್ದವನು ನಾನು. ಇಲ್ಲಿ ಕಂಪೈಲರ್ ಕೂಡ ಅಳೆಯುವ ಉಪಕರಣದ ಭಾಗ. ಹ್ಯಾಶ್ ಸಾಲಿಲ್ಲದ ಖಾಲಿ ಲೂಪಿನ ಸಮಯ ಮೊದಲ ದಿನವೇ ನೋಡಿದ್ದರೆ ಮುಗಿದಿತ್ತು. ನೋಡಲಿಲ್ಲ, ಏಕೆಂದರೆ ಅದು "ಭೌತಶಾಸ್ತ್ರದವರ ಅಭ್ಯಾಸ" ಎಂದು ಬದಿಗಿಟ್ಟಿದ್ದೆ.

ಆದ್ದರಿಂದ ಹಳೆಯ ಓದು ಅಡ್ಡಿ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಂಪೈಲರ್ ಆಪ್ಟಿಮೈಸೇಶನ್‌ಗೆ (ಪ್ರೋಗ್ರಾಂ ವೇಗವಾಗಿ ಓಡುವಂತೆ ಕಂಪೈಲರ್ ಅದನ್ನು ತಿದ್ದುವ ಕೆಲಸಕ್ಕೆ) ಅಡಿಪಾಯ ಹಾಕಿ, ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2006ರಲ್ಲಿ ಪಡೆದ ಫ್ರಾನ್ಸಿಸ್ ಅಲೆನ್ ಓದಿದ್ದು ಗಣಿತ, ಮೊದಲು ಮಾಡಿದ್ದು ಶಾಲಾ ಶಿಕ್ಷಕಿಯ ಕೆಲಸ. ನನ್ನ ಲೆಕ್ಕವನ್ನು ಅಳಿಸಿದ ತಂತ್ರ ಹೇಗೆ ನಡೆಯುತ್ತದೆ ಎಂದು ಹುಡುಕುತ್ತಾ ಹೋಗಿಯೇ ನಾನೂ ಕಂಪೈಲರ್ ಕ್ಷೇತ್ರಕ್ಕೆ ಬಂದೆ, ಆಸಕ್ತಿಗಳ ಪಟ್ಟಿ ಮಾಡಿ ಆರಿಸಿದ್ದಲ್ಲ.

ನೀವೂ ಪಟ್ಟಿ ಬಿಡಿ. ಮೂರು ಕ್ಷೇತ್ರಗಳಿಂದ ಒಂದೊಂದು ಪ್ರಬಂಧ ತೆಗೆದುಕೊಂಡು ಅದರ ಫಲಿತಾಂಶ ನಿಮ್ಮ ಕೈಯಲ್ಲಿಯೂ ಬರುತ್ತದೆಯೇ ನೋಡಿ. ಫಲಿತಾಂಶ ಬಾರದಿದ್ದರೂ ಬಿಟ್ಟು ಏಳಲು ಮನಸ್ಸಾಗದ ಕೆಲಸ ಯಾವುದೋ ಅದನ್ನು ಹಿಡಿಯಿರಿ. ಪ್ರಯೋಗಾಲಯದ ದಾಖಲೆ ಪುಸ್ತಕದಂತೆಯೇ ಒಂದು ಪುಸ್ತಕ ಇಡಿ. ಯಾವ ಪ್ರೊಸೆಸರ್, ಕಂಪೈಲರಿನ ಯಾವ ಆವೃತ್ತಿ, ಯಾವ ಆಪ್ಟಿಮೈಸೇಶನ್ ಮಟ್ಟ, ಎಲ್ಲವನ್ನೂ ಬರೆಯಿರಿ. ಮೊದಲ ಸಾಲಿನಲ್ಲಿ ಖಾಲಿ ಲೂಪಿನ ಸಮಯ ಇರಲಿ.